ಹಿಮಾಲಯನ್ 450 ತಗೊಳ್ಳಬಹುದಾ? ಸೀಟ್ ಎತ್ತರ, ಟ್ಯೂಬ್ ಟೈರು, ಕಡಿಮೆ ಆರ್‌ಪಿಎಂ ಎಳೆತದ ಬಗ್ಗೆ ಅನುಮಾನ

ದಾರಿಗುಂಟ:

ಎಲ್ಲರಿಗೂ ನಮಸ್ಕಾರ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ತಗೊಳ್ಳೋ ಯೋಚನೆ ಇದೆ. ಬುಕ್ ಮಾಡೋ ಮುಂಚೆ ಗಾಡಿ ಬಿಚ್ಚಿ ಜೋಡಿಸಿ ಗೊತ್ತಿರೋರ ಮಾತು ಕೇಳಬೇಕು ಅನ್ನಿಸಿತು. ಬ್ರೋಷರ್‌ನಲ್ಲಿರೋ ಅಂಕಿಗಳು ಗೊತ್ತು: 452 ಸಿಸಿ, 40 ಪಿಎಸ್ ಶಕ್ತಿ, 40 ಎನ್‌ಎಂ ಟಾರ್ಕು (ತಿರುಗಿಸೋ ಬಲ), 196 ಕೆಜಿ, ಹಿಂದೆ ಮುಂದೆ 200 ಮಿಮೀ ಸಸ್ಪೆನ್ಷನ್, 17 ಲೀಟರ್ ಟ್ಯಾಂಕು. ಈ ಅಂಕಿಗಳು ದಾರಿಯಲ್ಲಿ ಹೇಗೆ ನಡ್ಕೊಳ್ತವೆ ಅನ್ನೋದು ಬೇಕು.

ನನ್ನ ಎತ್ತರ 5 ಅಡಿ 6 ಇಂಚು, ತೂಕ 68 ಕೆಜಿ. ಮುಕ್ಕಾಲು ಪಾಲು ಡಾಂಬರು, ಉಳಿದದ್ದು ಜಲ್ಲಿ, ಕಲ್ಲುದಾರಿ, ಮಳೆಗಾಲದಲ್ಲಿ ಕೆಸರು. ಆಗಾಗ ಹಿಂದೆ ಒಬ್ಬರು ಕೂರ್ತಾರೆ, ಜೊತೆಗೆ ಎರಡು ಬ್ಯಾಗು.

ಅನುಮಾನ ಇಷ್ಟು. 825 ಮಿಮೀ ಸೀಟು ನನ್ನ ಕಾಲಿಗೆ ಎಟುಕುತ್ತಾ? ಟ್ಯೂಬ್ ಇರೋ ಸ್ಪೋಕ್ ಚಕ್ರ ಸಾಕಾ, ಟ್ಯೂಬ್‌ಲೆಸ್ ಸ್ಪೋಕೇ ಬೇಕಾ? ಹಳೇ ಹಿಮಾಲಯನ್ 411ಕ್ಕೆ ಇದ್ದ ಕಡಿಮೆ ಆರ್‌ಪಿಎಂ ಎಳೆತ ಇದಕ್ಕಿಲ್ಲ ಅಂತಾರೆ, ನಿಜವಾ? ಹೊಸ ಕೆಟಿಎಂ 390 ಅಡ್ವೆಂಚರ್‌ಗೂ ಈಗ ಮುಂದೆ 21 ಇಂಚಿನ ಚಕ್ರ ಬಂದಿದೆ, ಅದನ್ನೂ ನೋಡಬೇಕಾ?

ಸ್ಪ್ಯಾನರ್_ಹದಿನೇಳು:

ಎಂಜಿನ್ ವಿಷಯ ನಾನು ಹೇಳ್ತೀನಿ, ಉಳಿದದ್ದು ಬೇರೆಯವರು ಹೇಳಲಿ.

ಎಳೆತದ ಮಾತು ಅರ್ಧ ನಿಜ. 411ರ ಬೋರ್ (ಸಿಲಿಂಡರಿನ ಅಗಲ) 78 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 86 ಮಿಮೀ. ಉದ್ದ ಸ್ಟ್ರೋಕು, ಭಾರದ ಕ್ರ್ಯಾಂಕು, 32 ಎನ್‌ಎಂ ಟಾರ್ಕು 4000-4500 ಆರ್‌ಪಿಎಂನಲ್ಲೇ ಪೂರ್ತಿ ಸಿಗುತ್ತಿತ್ತು. ಎರಡನೇ ಗೇರಿನಲ್ಲಿ ನಡೆಯೋ ವೇಗಕ್ಕೆ ಬಂದರೂ ಡುಗುಡುಗು ಅಂತ ಎಳ್ಕೊಂಡು ಹೋಗೋದು. 450ಯ ಬೋರ್ 84, ಸ್ಟ್ರೋಕ್ 81.5. ಇಲ್ಲಿ ಸ್ಟ್ರೋಕಿಗಿಂತ ಬೋರೇ ದೊಡ್ಡದು, 40 ಎನ್‌ಎಂ ಸಿಗೋದು 5500ರಲ್ಲಿ, 40 ಪಿಎಸ್ ಸಿಗೋದು 8000ದಲ್ಲಿ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ಸ್ವಲ್ಪ ಆರ್‌ಪಿಎಂ ಏರಿದ ಮೇಲೆ 450 ಗೆಲ್ಲುತ್ತೆ ಅನ್ನೋದು ಬೇರೆ ಮಾತು, ಆದರೆ 2000 ಆರ್‌ಪಿಎಂ ಕೆಳಗೆ ಇದಕ್ಕೆ ತಾಳ್ಮೆ ಕಮ್ಮಿ. ಕಲ್ಲು ತುಂಬಿದ ಏರಿನಲ್ಲಿ ಗೇರ್ ಇಳಿಸದೆ ಥ್ರಾಟಲ್ ತಿರುಗಿಸಿದರೆ ಗಡಗಡ ಅಂದು ಆಫ್ ಆಗುತ್ತೆ. ಅಲ್ಲಿ ಒಂದನೇ ಗೇರು, 3000ದ ಆಸುಪಾಸಿನಲ್ಲಿ ಎಂಜಿನ್ನು, ಎರಡು ಬೆರಳು ಕ್ಲಚ್ ಮೇಲೆ. ಸ್ಲಿಪ್ ಅಸಿಸ್ಟ್ ಕ್ಲಚ್ ಆಗಿರೋದರಿಂದ ಲಿವರ್ ಹಗುರ, ಕೈ ನೋಯಲ್ಲ.

ಇದಕ್ಕೆ ರೀಮ್ಯಾಪು (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸೋದು), ಎಕ್ಸಾಸ್ಟು ಅಂತ ಹೋಗೋ ಮುಂಚೆ ಸ್ಪ್ರಾಕೆಟ್ (ಚೈನು ಕೂರೋ ಹಲ್ಲುಚಕ್ರ) ಲೆಕ್ಕ ಹಾಕಿ. ಮುಂದಿನ ಸ್ಪ್ರಾಕೆಟ್‌ನಲ್ಲಿ 15 ಹಲ್ಲಿದ್ದು 14ಕ್ಕೆ ಇಳಿಸಿದರೆ ಗೇರಿಂಗ್ ಸುಮಾರು 7 ಪ್ರತಿಶತ ಚಿಕ್ಕದಾಗುತ್ತೆ, ಅಂದರೆ ಎಳೆತ ಹೆಚ್ಚುತ್ತೆ. ಹಿಂದೆ 45 ಇದ್ದದ್ದನ್ನ 48 ಮಾಡಿದರೂ ಹೆಚ್ಚುಕಮ್ಮಿ ಅಷ್ಟೇ ಫಲ. ಬೆಲೆ ಏನು ತೆರಬೇಕು ಅಂದರೆ, ಹೆದ್ದಾರಿಯಲ್ಲಿ 5000 ಆರ್‌ಪಿಎಂನಲ್ಲಿ ಹೋಗ್ತಿದ್ದ ವೇಗಕ್ಕೆ ಈಗ 5350 ಬೇಕು. ಆರನೇ ಗೇರು ಇರೋದರಿಂದ ಅದು ಸಹಿಸಬಹುದಾದ ಲೆಕ್ಕ. ಮುಂದಿನದನ್ನ ಚಿಕ್ಕದು ಮಾಡೋದು ಸುಲಭ, ಆದರೆ ಚೈನು ಬಿಗಿಯಾಗಿ ಬಾಗುತ್ತೆ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯೋ ತೋಳು) ಮೇಲಿನ ರಬ್ಬರ್ ಸ್ಲೈಡರನ್ನ ಹೆಚ್ಚು ಉಜ್ಜುತ್ತೆ. ಆ ಸ್ಲೈಡರ್ ಸವೆದು ಚೈನು ಸ್ವಿಂಗ್‌ಆರ್ಮನ್ನೇ ಮುಟ್ಟಿದರೆ ಕಥೆ ಮುಗೀತು. ಹಿಂದಿನದನ್ನ ದೊಡ್ಡದು ಮಾಡಿದರೆ ಚೈನಿಗೆ ಕಡಿ ಸೇರಿಸಬೇಕಾಗಬಹುದು. ಮೊದಲು ನಿಮ್ಮ ಗಾಡಿಯ ಹಲ್ಲು ಎಣಿಸಿ, ಆಮೇಲೆ ತರಿಸಿ.

ಇನ್ನು ರೇಡಿಯೇಟರ್. 411ಕ್ಕೆ ಇದರ ತಲೆಬಿಸಿ ಇರಲಿಲ್ಲ. 450 ಲಿಕ್ವಿಡ್ ಕೂಲ್ಡ್, ಹಾಗಾಗಿ ಮುಂದಿನ ಚಕ್ರ ಎಸೆಯೋ ಜಲ್ಲಿ ನೇರ ಅಲ್ಲಿಗೇ. ಗಾರ್ಡ್ ಹಾಕಿಸಿ, ಆದರೆ ಜರಡಿ ತೀರಾ ಸಣ್ಣ ಕಣ್ಣಿನದು ಬೇಡ, ಕೆಸರು ಮೆತ್ತಿಕೊಂಡು ಗಾಳಿಯೇ ಹೋಗಲ್ಲ. ಕೆಸರಿನ ಓಟ ಮುಗಿದ ಮೇಲೆ ಹಿಂಬದಿಯಿಂದ ಮುಂದಕ್ಕೆ ಸಾದಾ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್‌ಗಳು ಮಡಚಿಕೊಳ್ತವೆ, ಮಡಚಿದ ಜಾಗದಲ್ಲಿ ಗಾಳಿ ನಿಂತುಹೋಗುತ್ತೆ. ಕೂಲೆಂಟ್ ಮಟ್ಟ ನೋಡೋದು ಎಂಜಿನ್ ತಣ್ಣಗಿದ್ದಾಗ, ರಿಸರ್ವ್ ಡಬ್ಬಿಯಲ್ಲಿ. ನಲ್ಲಿ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತೆ. ಬಿಸಿ ಇದ್ದಾಗ ಮುಚ್ಚಳ ತೆಗೀಬೇಡಿ, ಉಗಿ ಮುಖಕ್ಕೆ ಹಾರುತ್ತೆ.

ಇದರ ಒಳ್ಳೇ ಗುಣ ಒಂದೇ ಮಾತಲ್ಲಿ ಬೇಕಾದರೆ: ಹೆದ್ದಾರಿಯಲ್ಲಿ ಲಾರಿ ದಾಟಿಸೋಕೆ 411ರಲ್ಲಿ ಲೆಕ್ಕಾಚಾರ ಬೇಕಿತ್ತು, ಇದರಲ್ಲಿ ಬೇಡ. 24.3 ಪಿಎಸ್‌ನಿಂದ 40ಕ್ಕೆ ಬಂದಿರೋ ವ್ಯತ್ಯಾಸ ಅದು, ಅದೂ ತೂಕ ಮೂರು ಕೆಜಿ ಕಮ್ಮಿ ಇಟ್ಟುಕೊಂಡು.

ಕೆಸರುಗಾಲಿ:

390ನ್ನ ಖಂಡಿತ ಓಡಿಸಿ ನೋಡಿ ಅಂತೀನಿ. ಸುಮ್ಮನೆ ಪಿಎಸ್ ಹೆಚ್ಚು ಅಂತಲ್ಲ (46 ಪಿಎಸ್, 39 ಎನ್‌ಎಂ). ಮೂರು ಕಾರಣ.

ತೂಕ. ಸುಮಾರು 183 ಕೆಜಿ, ಅಂದರೆ 13 ಕೆಜಿ ಕಮ್ಮಿ. ಡಾಂಬರಿನಲ್ಲಿ ಈ 13 ಕೆಜಿ ಗೊತ್ತಾಗಲ್ಲ. ಕೆಸರಿನಲ್ಲಿ ಬಿದ್ದ ಗಾಡಿಯನ್ನ ಮೂರನೇ ಸಲ ಎತ್ತುವಾಗ ಪ್ರತಿ ಕೆಜಿಯೂ ಗೊತ್ತಾಗುತ್ತೆ.

ಸಸ್ಪೆನ್ಷನ್. ಹಿಮಾಲಯನ್‌ನ 43 ಮಿಮೀ ಶೋವಾ ಫೋರ್ಕ್ ಒಳ್ಳೇದೇ, ಆದರೆ ಅದರಲ್ಲಿ ತಿರುಗಿಸೋಕೆ ಏನೂ ಇಲ್ಲ, ಹಿಂದೆ ಪ್ರಿಲೋಡ್ (ಸ್ಪ್ರಿಂಗನ್ನ ಮೊದಲೇ ಎಷ್ಟು ಒತ್ತಿಡೋದು ಅನ್ನೋದು) ಮಾತ್ರ. 390ಯಲ್ಲಿ ಫೋರ್ಕ್‌ಗೆ ಕಂಪ್ರೆಷನ್ (ಮುದುಡೋ ವೇಗ), ರೀಬೌಂಡ್ (ವಾಪಸ್ ಬರೋ ವೇಗ) ಎರಡನ್ನೂ ಹೊಂದಿಸಬಹುದು. ಹಿಂದೆ ಪ್ರಿಲೋಡ್ ಜೊತೆ ರೀಬೌಂಡ್ ಇದೆ. ಹಿಂದೆ ಭಾರ ಹೇರಿ ಪ್ರಿಲೋಡ್ ಏರಿಸಿದಾಗ ಸ್ಪ್ರಿಂಗ್ ಬಲವಾಗಿ ವಾಪಸ್ ತಳ್ಳುತ್ತೆ, ಆಗ ರೀಬೌಂಡ್ ಬಿಗಿ ಮಾಡೋ ಅವಕಾಶ ಇದ್ದರೆ ಗುಂಡಿ ಹಾರಿದ ಮೇಲೆ ಸೀಟು ಮೇಲಕ್ಕೆ ಒದೆಯಲ್ಲ.

ಎಲೆಕ್ಟ್ರಾನಿಕ್ಸ್. 390ಯಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರಿ ಸುತ್ತದ ಹಾಗೆ ತಡೆಯೋದು), ತಿರುವಿನಲ್ಲಿ ವಾಲಿದ್ದಾಗಲೂ ಕೆಲಸ ಮಾಡೋ ಎಬಿಎಸ್, ಕ್ರೂಸ್ ಕಂಟ್ರೋಲ್. ಹಿಮಾಲಯನ್‌ನಲ್ಲಿ ರೈಡ್ ಬೈ ವೈರ್ (ಕೇಬಲ್ ಬದಲು ಎಲೆಕ್ಟ್ರಾನಿಕ್ ಥ್ರಾಟಲ್) ಇದೆ, ಇಕೋ ಮತ್ತು ಪರ್ಫಾರ್ಮೆನ್ಸ್ ಮೋಡ್ ಇವೆ, ಹಿಂದಿನ ಎಬಿಎಸ್ ಆಫ್ ಮಾಡಬಹುದು. ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಒದ್ದೆ ಡಾಂಬರಿನ ಮೇಲೆ ಎಣ್ಣೆ ಚೆಲ್ಲಿದ ಜಾಗದಲ್ಲಿ ಅದರ ಬೆಲೆ ತಿಳಿಯುತ್ತೆ.

ಆದರೆ ಹಿಮಾಲಯನ್ ಪರವಾಗಿ ಹೇಳಬೇಕಾದ್ದೂ ಇದೆ. 390 ಟ್ಯಾಂಕು 14.5 ಲೀಟರ್. ಎರಡೂ ಲೀಟರಿಗೆ 28 ಕಿಮೀ ಕೊಡ್ತವೆ ಅಂತಲೇ ಹಿಡಿಯಿರಿ, ಹಿಮಾಲಯನ್ 70 ಕಿಮೀ ಹೆಚ್ಚು ಹೋಗುತ್ತೆ. 390ಯ ಎಂಜಿನ್ ಬೋರ್ 89, ಸ್ಟ್ರೋಕ್ ಬರೀ 64. ಟಾರ್ಕು 6500ರಲ್ಲಿ. 450ಯೇ ಕೆಳಗೆ ಗೇರ್ ಕೇಳುತ್ತೆ ಅಂದರೆ ಇದು ಇನ್ನೂ ಹೆಚ್ಚು ಕೇಳುತ್ತೆ. ಮತ್ತೆ ಹಿಂದೆ ಒಬ್ಬರು, ಎರಡು ಬ್ಯಾಗು ಅಂದಿದ್ದೀರಿ. ಹಿಂಬದಿ ಸೀಟಿನ ಅಗಲ, ಲಗೇಜ್ ಹೊರುವಾಗಿನ ನೆಮ್ಮದಿ, ಇದರಲ್ಲಿ ಹಿಮಾಲಯನ್ ಕಡೆಗೇ ನನ್ನ ವೋಟು. ಹಿಂದೆ ಕೂರೋರನ್ನ ಕರ್ಕೊಂಡೇ ಟೆಸ್ಟ್ ರೈಡ್‌ಗೆ ಹೋಗಿ, ಒಂದು ಕಿಲೋಮೀಟರ್ ಅಲ್ಲ, ಕನಿಷ್ಠ ಅರ್ಧ ಗಂಟೆ.

ಹಿಂದಿನ ಎಬಿಎಸ್ ಬಗ್ಗೆ ಒಂದು ಎಚ್ಚರಿಕೆ. ಜಲ್ಲಿ ಇಳಿಜಾರಿನಲ್ಲಿ ಅದು ಆನ್ ಇದ್ದರೆ ಬ್ರೇಕ್ ಒತ್ತಿದಷ್ಟೂ ಬಿಡಿಸ್ತಾನೇ ಇರುತ್ತೆ, ಗಾಡಿ ನಿಲ್ಲೋದೇ ಇಲ್ಲ ಅನ್ನಿಸುತ್ತೆ. ಹಾಗಾಗಿ ಇಳಿಯೋಕೆ ಮುಂಚೆ ಆಫ್ ಮಾಡಿ. ಡಾಂಬರಿಗೆ ಬಂದ ತಕ್ಷಣ ಆನ್ ಮಾಡಿ. ಪ್ರತಿ ಸಲ ಕೀ ತಿರುಗಿಸಿದಾಗ ಡ್ಯಾಶ್‌ನಲ್ಲಿ ಆ ಚಿಹ್ನೆ ನೋಡೋ ಅಭ್ಯಾಸ ಇಟ್ಟುಕೊಳ್ಳಿ.

ಟೈರ್‌ಲಿವರ್:

ಟ್ಯೂಬಾ, ಟ್ಯೂಬ್‌ಲೆಸ್ಸಾ ಅನ್ನೋದಕ್ಕೆ ನನ್ನ ಉತ್ತರ ನೇರ: ಮುಕ್ಕಾಲು ಪಾಲು ಡಾಂಬರು ಅಂದರೆ ಟ್ಯೂಬ್‌ಲೆಸ್ ಸ್ಪೋಕ್ ತಗೊಳ್ಳಿ. ಮೊಳೆ ಚುಚ್ಚಿದರೆ ಚಕ್ರ ಬಿಚ್ಚದೆ, ತೂತಿಗೆ ರಬ್ಬರ್ ಬತ್ತಿ ತೂರಿಸಿ, ಗಾಳಿ ತುಂಬಿ ಹತ್ತು ನಿಮಿಷದಲ್ಲಿ ಹೊರಡಬಹುದು. ಟ್ಯೂಬ್ ಟೈರಿನಲ್ಲಿ ಮೊಳೆ ಚುಚ್ಚಿದಾಗ ಗಾಳಿ ವಾಲ್ವ್ ಸುತ್ತಲಿಂದ, ಸ್ಪೋಕ್ ತೂತುಗಳಿಂದ ಒಂದೇ ಸಲ ಹೊರಗೆ ಹೋಗುತ್ತೆ. ವೇಗದಲ್ಲಿದ್ದಾಗ ಅದು ಅಪಾಯ.

ಟ್ಯೂಬ್‌ಲೆಸ್ ಸ್ಪೋಕಿನ ಕೊರತೆ ಒಂದೇ. ಕಲ್ಲಿಗೆ ಬಡಿದು ರಿಮ್ ಅಂಚು ಬಗ್ಗಿದರೆ ಅಲ್ಲಿಂದ ಗಾಳಿ ಸೋರುತ್ತೆ, ಬತ್ತಿ ಅಲ್ಲಿ ಕೆಲಸಕ್ಕೆ ಬರಲ್ಲ. ಆಗ ಒಳಗೆ ಟ್ಯೂಬ್ ಹಾಕಿಯೇ ಮುಂದೆ ಹೋಗಬೇಕು. ಟ್ಯೂಬ್‌ಲೆಸ್ ಇದ್ದರೂ ಒಂದು 21 ಇಂಚಿನ ಟ್ಯೂಬ್ ಇಟ್ಟುಕೊಳ್ಳಿ ಅನ್ನೋದು ಇದಕ್ಕೇ. ತುರ್ತಿಗೆ ಅದೇ ಟ್ಯೂಬ್ ಹಿಂದಿನ 17 ಇಂಚಿಗೂ ಮಡಚಿ ಹಿಡಿಸಬಹುದು, ಉಲ್ಟಾ ಮಾಡೋಕಾಗಲ್ಲ. ಹಾಗೆ ಹಾಕಿದ್ದನ್ನ ನಿಧಾನಕ್ಕೆ ಓಡಿಸಿ, ಮೊದಲ ಅಂಗಡಿಯಲ್ಲೇ ಬದಲಿಸಿ. ಟೈರಿನ ಪಕ್ಕದ ಗೋಡೆ ಸೀಳಿದ್ದರೆ ಬತ್ತಿ ಹಾಕಿ ಓಡಿಸೋ ಸಾಹಸ ಬೇಡ.

ಸಾದಾ ಸ್ಪೋಕ್ ರಿಮ್ ಒಳಗೆ ಟೇಪ್, ಸೀಲಂಟ್ ಬಳಿದು ಟ್ಯೂಬ್‌ಲೆಸ್ ಮಾಡೋ ಕೆಲಸಕ್ಕೆ ನಾನು ಒಪ್ಪಲ್ಲ. ಒರಟು ದಾರಿಯಲ್ಲಿ ಸ್ಪೋಕ್ ನಿಪ್ಪಲ್‌ಗಳು ಅಲುಗಾಡ್ತಾನೇ ಇರ್ತವೆ, ಒಂದು ಕಡೆ ಸೀಲ್ ಬಿಟ್ಟರೆ ಯಾವಾಗ ಬಿಡುತ್ತೆ ಅಂತ ಹೇಳೋಕಾಗಲ್ಲ. ಮುಂದೆ ಸ್ಪೋಕ್ ಬಿಗಿ ಮಾಡಬೇಕು ಅಂದರೆ ಆ ಟೇಪನ್ನೆಲ್ಲ ಕೀಳಬೇಕು.

ಟ್ಯೂಬ್ ಇರೋದನ್ನೇ ತಗೊಂಡರೆ ಮನೆಯಲ್ಲಿ ಕೂತು ಒಂದು ಸಲ ಚಕ್ರ ಬಿಚ್ಚಿ, ಟ್ಯೂಬ್ ತೆಗೆದು, ಹಾಕಿ ಕಲಿಯಿರಿ. ಕೆಲಸ ಹೀಗೆ. ಗಾಡಿಯನ್ನ ನಡು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ತೆಗೆದ ತಕ್ಷಣ ಬ್ರೇಕ್ ಪ್ಯಾಡ್‌ಗಳ ನಡುವೆ ಒಂದು ದಪ್ಪ ರಟ್ಟಿನ ಚೂರು ಸಿಗಿಸಿ. ಅದಿಲ್ಲದೆ ಯಾರಾದರೂ ಅಪ್ಪಿತಪ್ಪಿ ಬ್ರೇಕ್ ಲಿವರ್ ಒತ್ತಿದರೆ ಪಿಸ್ಟನ್ ಮುಂದೆ ಬಂದು ಆಮೇಲೆ ಡಿಸ್ಕ್ ಒಳಗೆ ಹೋಗಲ್ಲ. ಚಕ್ರವನ್ನ ಡಿಸ್ಕ್ ಕೆಳಗೆ ಬರೋ ಹಾಗೆ ಮಲಗಿಸಬೇಡಿ. ವಾಲ್ವ್ ಕೋರ್ ತೆಗೆದು ಪೂರ್ತಿ ಗಾಳಿ ಬಿಡಿ, ಟೈರಿನ ಅಂಚನ್ನ ಸುತ್ತಲೂ ತುಳಿದು ರಿಮ್‌ನಿಂದ ಬಿಡಿಸಿ. ಈಗ ನೀವು ಲಿವರ್ ಹಾಕೋ ಜಾಗಕ್ಕೆ ನೇರ ಎದುರುಗಡೆ ಮೊಣಕಾಲು ಊರಿ, ಅಲ್ಲಿ ಅಂಚು ರಿಮ್‌ನ ನಡುವಿನ ತಗ್ಗಿಗೆ ಇಳೀಬೇಕು. ಅಲ್ಲಿ ಇಳಿದರೆ ಇಲ್ಲಿ ಸಡಿಲ ಸಿಗುತ್ತೆ. ಬಲ ಹಾಕಿ ಒದ್ದಾಡ್ತಿದ್ದೀರಿ ಅಂದರೆ ಆ ಅಂಚು ತಗ್ಗಿನಲ್ಲಿಲ್ಲ ಅಂತಲೇ ಅರ್ಥ. ಒಂದು ಸಲಕ್ಕೆ ನಾಲ್ಕೈದು ಸೆಂಟಿಮೀಟರ್ ಮಾತ್ರ ಎತ್ತಿ.

ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೆ ಬಟ್ಟೆ ಹಿಡಿದು ಸುತ್ತಲೂ ಸವರಿ. ಮುಳ್ಳೋ ತಂತಿಯೋ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತೆ. ಇದನ್ನ ಬಿಟ್ಟರೆ ಹೊಸ ಟ್ಯೂಬೂ ಅದೇ ಜಾಗದಲ್ಲಿ ಹೋಗುತ್ತೆ. ಹೊಸ ಟ್ಯೂಬಿಗೆ ಆಕಾರ ಬರೋಷ್ಟು ಗಾಳಿ ಹಾಕಿ ಒಳಗೆ ಕೂರಿಸಿ. ಅಂಚು ಹತ್ತಿಸೋದನ್ನ ವಾಲ್ವ್‌ನ ಎದುರು ಬದಿಯಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ, ಮುಗಿಸೋ ಮುಂಚೆ ವಾಲ್ವನ್ನ ಒಳಕ್ಕೆ ತಳ್ಳಿ ಟ್ಯೂಬು ಅಂಚಿನ ಕೆಳಗೆ ಸಿಕ್ಕಿಲ್ಲ ಅಂತ ನೋಡಿ. ಹೊಸ ಟ್ಯೂಬ್ ಹಾಳಾಗೋದು ಹೆಚ್ಚಾಗಿ ಇಲ್ಲೇ, ಲಿವರ್ ಆಳಕ್ಕೆ ತೂರಿಸಿ ಚಿವುಟಿ ಬಿಡ್ತಾರೆ. ಗಾಳಿ ತುಂಬಿದ ಮೇಲೆ ಟೈರಿನ ಪಕ್ಕದಲ್ಲಿರೋ ಗೆರೆ ರಿಮ್‌ನಿಂದ ಸುತ್ತಲೂ ಒಂದೇ ದೂರದಲ್ಲಿದೆಯಾ ನೋಡಿ. ವಾಲ್ವ್‌ನ ಹೊರಗಿನ ನಟ್ಟನ್ನ ರಿಮ್‌ಗೆ ಬಿಗಿಯಬೇಡಿ, ಮೇಲೆ ಮುಚ್ಚಳದ ಹತ್ತಿರ ಬಿಡಿ. ಟೈರು ರಿಮ್ ಮೇಲೆ ಜಾರಿದ್ದರೆ ವಾಲ್ವ್ ವಾಲಿ ನಿಂತು ನಿಮಗೆ ತೋರಿಸುತ್ತೆ. ಬಿಗಿದಿದ್ದರೆ ಬುಡದಲ್ಲೇ ಕಿತ್ತು ಬರುತ್ತೆ.

ಗಾಳಿ ಒತ್ತಡ ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟೇ, ಟೈರು ತಣ್ಣಗಿದ್ದಾಗ. ಕಲ್ಲುದಾರಿಗೆ ಸ್ವಲ್ಪ ಇಳಿಸಬಹುದು, ಆದರೆ ಟ್ಯೂಬ್ ಟೈರಿನಲ್ಲಿ, ಭಾರ ಹೊತ್ತುಕೊಂಡು, 20 ಪಿಎಸ್‌ಐ ಕೆಳಗೆ ಹೋಗಬೇಡಿ. ಕಲ್ಲಿನ ಚೂಪಿಗೂ ರಿಮ್‌ಗೂ ನಡುವೆ ಸಿಕ್ಕಿ ಟ್ಯೂಬಿಗೆ ಎರಡು ತೂತು ಪಕ್ಕಪಕ್ಕ ಬೀಳ್ತವೆ. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬೋಕೆ ಪಂಪ್ ಜೊತೆಗಿರಲಿ.

ದಾರಿಗುಂಟ:

ತುಂಬಾ ಉಪಕಾರ ಆಯ್ತು. ಹಿಂದೆ ಕೂರೋರ ದೃಷ್ಟಿಯಿಂದ ಹಿಮಾಲಯನ್ ಕಡೆಗೇ ಮನಸ್ಸು ವಾಲ್ತಾ ಇದೆ, ಟ್ಯೂಬ್‌ಲೆಸ್ ಸ್ಪೋಕ್ ಜೊತೆ. ಶೋರೂಮಿನಲ್ಲಿ ಕೂತಾಗ ಎರಡೂ ಕಾಲಿನ ಮುಂಪಾದ ಮಾತ್ರ ಎಟುಕಿತು. ಲೋಯರಿಂಗ್ ಲಿಂಕ್ (ಹಿಂದಿನ ಸಸ್ಪೆನ್ಷನ್‌ಗೆ ಹಾಕಿ ಗಾಡಿ ತಗ್ಗಿಸೋ ಬಿಡಿಭಾಗ) ಹಾಕಿಸಿ ಒಂದು ಇಂಚು ಇಳಿಸಿ ಅಂತ ಒಬ್ಬರು ಹೇಳಿದರು. ಹಾಕಿಸಬಹುದಾ?

ಸ್ಯಾಗ್_ನೋಡಿ:

ಈಗಲೇ ಬೇಡ. ಎರಡೂ ಮುಂಪಾದ ಎಟುಕಿದರೆ ಈ ಗಾಡಿಗೆ ಸಾಕು. ನಿಲ್ಲಿಸುವಾಗ ಸೀಟಿನ ಮೇಲೆ ಒಂದು ಪಕ್ಕಕ್ಕೆ ಸರಿದು ಎಡಗಾಲು ಪೂರ್ತಿ ಊರಿ, ಬಲಗಾಲು ಬ್ರೇಕ್ ಮೇಲಿರಲಿ. ಇನ್ನೂ ಬೇಕಾದರೆ ಕಂಪನಿಯದೇ ತಗ್ಗು ಸೀಟು ಬರುತ್ತೆ, 805 ಮಿಮೀಗೆ ಇಳಿಯುತ್ತೆ. ಅದರಿಂದ ಗಾಡಿಯ ಜಾಮಿಟ್ರಿ ಒಂದು ಕೂದಲೂ ಬದಲಾಗಲ್ಲ.

ಲಿಂಕ್ ಹಾಕಿದರೆ ಏನಾಗುತ್ತೆ ಅಂತ ತಿಳ್ಕೊಂಡು ನಿರ್ಧರಿಸಿ. ಹಿಂಭಾಗ 25 ಮಿಮೀ ಇಳೀತು ಅಂದುಕೊಳ್ಳಿ. 230 ಮಿಮೀ ಇದ್ದ ಗ್ರೌಂಡ್ ಕ್ಲಿಯರೆನ್ಸ್ ಕಮ್ಮಿಯಾಗುತ್ತೆ. ಫೋರ್ಕಿನ ಓರೆ ಹೆಚ್ಚಿ ಹ್ಯಾಂಡಲ್ ತಿರುಗೋದು ನಿಧಾನ ಆಗುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಅದನ್ನ ಸರಿಮಾಡೋಕೆ ಫೋರ್ಕ್ ಕೊಳವೆಗಳನ್ನ ಕ್ಲ್ಯಾಂಪ್‌ನಲ್ಲಿ ಮೇಲಕ್ಕೆ ಏರಿಸಬೇಕು. ಸೈಡ್ ಸ್ಟ್ಯಾಂಡು ಉದ್ದ ಆಗಿ ಗಾಡಿ ನೆಟ್ಟಗೆ ನಿಲ್ಲುತ್ತೆ, ಸ್ವಲ್ಪ ಇಳಿಜಾರು ಸಿಕ್ಕರೆ ಬಲಕ್ಕೆ ಮಗುಚುತ್ತೆ, ಹಾಗಾಗಿ ಅದನ್ನೂ ಕತ್ತರಿಸಿ ಬೆಸೆಯಬೇಕು. ಎಲ್ಲಕ್ಕಿಂತ ದೊಡ್ಡದು: ಶಾಕ್ ಮೊದಲಿನಷ್ಟೇ ಮುದುಡುತ್ತೆ, ಆದರೆ ಚಕ್ರ ಈಗ ಮೊದಲೇ ಮೇಲಿದೆ. ಇಬ್ಬರು ಕೂತು ದೊಡ್ಡ ಗುಂಡಿಗೆ ಇಳಿದಾಗ ಟೈರು ಮಡ್‌ಗಾರ್ಡ್ ಒಳಭಾಗಕ್ಕೆ ತಾಗೋ ಸಾಧ್ಯತೆ ಇದೆ.

ಇದೆಲ್ಲದರ ಬದಲು ಮೊದಲು ಸ್ಯಾಗ್ ಅಳೆಯಿರಿ, ಅಂದರೆ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಇಳಿಯುತ್ತೆ ಅನ್ನೋದು. ಟೇಪು, ಒಬ್ಬ ಸಹಾಯಕ, ಹದಿನೈದು ನಿಮಿಷ ಸಾಕು. ಹಿಂದಿನ ಚಕ್ರ ನೆಲ ಬಿಡೋ ಹಾಗೆ ನಡು ಸ್ಟ್ಯಾಂಡ್ ಹಾಕಿ, ಆಕ್ಸಲ್ ನಡುವಿನಿಂದ ನೇರ ಮೇಲೆ ಬಾಡಿಯ ಮೇಲೊಂದು ಗುರುತು ಮಾಡಿ ಅಳೆಯಿರಿ. 560 ಮಿಮೀ ಬಂತು ಅನ್ನಿ. ಈಗ ಸ್ಟ್ಯಾಂಡ್ ಇಳಿಸಿ, ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಹಾಕ್ಕೊಂಡು ಕೂತು, ಎರಡು ಸಲ ಕುಪ್ಪಳಿಸಿ, ಪೆಗ್ ಮೇಲೆ ಕಾಲಿಟ್ಟು ಅಳೆಸಿ. 500 ಬಂದರೆ ಸ್ಯಾಗ್ 60 ಮಿಮೀ. 200 ಮಿಮೀ ಸಸ್ಪೆನ್ಷನ್‌ಗೆ ಮೂರನೇ ಒಂದಕ್ಕಿಂತ ತುಸು ಕಮ್ಮಿ, ಅಂದರೆ 60-65 ಸರಿಯಾದ ಲೆಕ್ಕ. 68 ಕೆಜಿಯವರಿಗೆ ಪ್ರಿಲೋಡ್ ಹೆಚ್ಚಾಗಿದ್ದರೆ 40-45 ಮಾತ್ರ ಬರಬಹುದು. ಹಾಗಿದ್ದರೆ ಸೀಟು ಬೇಕಿಲ್ಲದೆ ಎರಡು ಸೆಂಟಿಮೀಟರ್ ಎತ್ತರ ನಿಂತಿದೆ ಅಂತಾಯ್ತು. ಪ್ರಿಲೋಡ್ ಕಮ್ಮಿ ಮಾಡಿ, ಕಾಲೂ ಎಟುಕುತ್ತೆ, ಸಣ್ಣ ಕಲ್ಲುಗಳ ಮೇಲೆ ಚಕ್ರವೂ ನೆಲ ಬಿಡಲ್ಲ.

ಆಮೇಲೆ ಯಾರೂ ಕೂರದೆ ಗಾಡಿ ತನ್ನ ಭಾರಕ್ಕೆ ಎಷ್ಟು ಇಳಿಯುತ್ತೆ ಅಂತಲೂ ನೋಡಿ, 20-30 ಮಿಮೀ ಇರಬೇಕು. ನೀವು ಕೂತಾಗ 60 ಸರಿಯಾಗಿ ಬಂದು, ಖಾಲಿ ಗಾಡಿ ಇಳಿಯೋದೇ ಇಲ್ಲ ಅಂದರೆ ಸ್ಪ್ರಿಂಗ್ ನಿಮ್ಮ ಭಾರಕ್ಕೆ ಮೆದು, ಪ್ರಿಲೋಡ್‌ನಿಂದ ಬಲವಂತವಾಗಿ ಎತ್ತಿ ಹಿಡಿದಿದ್ದೀರಿ. ಹಿಂದೆ ಒಬ್ಬರು, ಬ್ಯಾಗು ಸೇರಿದಾಗ ಪ್ರಿಲೋಡ್ ಏರಿಸಿ ಮತ್ತೆ ಅದೇ 60-65ಕ್ಕೆ ತನ್ನಿ. ಎಷ್ಟು ತಿರುಗಿಸಿದ್ದೀರಿ ಅಂತ ಬರೆದಿಟ್ಟುಕೊಂಡರೆ ವಾಪಸ್ ಒಬ್ಬರೇ ಹೋಗುವಾಗ ಸುಲಭ.

ಸ್ಪ್ಯಾನರ್_ಹದಿನೇಳು:

ಸ್ಯಾಗ್ ಮುಟ್ಟಿದ ಮೇಲೆ ಚೈನು ನೋಡಲೇಬೇಕು, ಅದಕ್ಕೆ ಮತ್ತೆ ಬರೀತಿದ್ದೀನಿ. ಉದ್ದ ಸಸ್ಪೆನ್ಷನ್ ಇರೋ ಗಾಡಿಯಲ್ಲಿ ಚೈನು ಅತಿ ಬಿಗಿ ಆಗೋದು ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ. ಸ್ಟ್ಯಾಂಡ್ ಮೇಲಿದ್ದಾಗ ಚೆಂದ ಕಾಣಲಿ ಅಂತ ಬಿಗಿದರೆ, ಇಬ್ಬರು ಕೂತು ಗುಂಡಿಗೆ ಇಳಿದಾಗ ಅದು ತಂತಿಯಂತೆ ಎಳೆದುಕೊಂಡು ಗೇರ್‌ಬಾಕ್ಸ್‌ನ ಔಟ್‌ಪುಟ್ ಬೇರಿಂಗ್ ತಿನ್ನುತ್ತೆ. ಮ್ಯಾನ್ಯುಯಲ್ ಹೇಳಿರೋ ಸಡಿಲದ ಹೆಚ್ಚಿನ ಅಂಚಿಗೆ ಇಡಿ, ಆಮೇಲೆ ಇಬ್ಬರನ್ನ ಕೂರಿಸಿ ಕೆಳಗಿನ ಚೈನನ್ನ ಬೆರಳಲ್ಲಿ ಅಲುಗಾಡಿಸಿ ನೋಡಿ, ಆಗಲೂ ಸ್ವಲ್ಪ ಆಟ ಉಳಿದಿರಬೇಕು.

ಮೊದಲ ಸರ್ವೀಸ್‌ಗೆ ಬಿಟ್ಟಾಗ ಸ್ಪೋಕ್ ನೋಡೋಕೆ ಹೇಳಿ. ಹೊಸ ಚಕ್ರದಲ್ಲಿ ನಿಪ್ಪಲ್‌ಗಳು ಕೂರುವಾಗ ಒಂದಷ್ಟು ಸಡಿಲ ಆಗ್ತವೆ. ನೀವೂ ಚಿಕ್ಕ ಸ್ಪ್ಯಾನರ್‌ನಿಂದ ಒಂದೊಂದನ್ನೇ ಮೆಲ್ಲಗೆ ತಟ್ಟಿ, ಬಿಗಿ ಇದ್ದದ್ದು ಟಿಂಗ್ ಅನ್ನುತ್ತೆ, ಸಡಿಲ ಇದ್ದದ್ದು ಟಪ್ ಅನ್ನುತ್ತೆ. ಸಿಕ್ಕಿದ್ದನ್ನ ನೀವೇ ತಿರುಗಿಸೋಕೆ ಹೋಗಬೇಡಿ, ರಿಮ್ ಓರೆ ಆಗುತ್ತೆ. ಗುರುತು ಹಾಕಿ ತೋರಿಸಿ.

ಹಾಕಿಸೋ ಸಾಮಾನಿನಲ್ಲಿ ನನ್ನ ಕ್ರಮ: ರೇಡಿಯೇಟರ್ ಗಾರ್ಡು, ಒಳಗೆ ಅಲ್ಯೂಮಿನಿಯಂ ಪಟ್ಟಿ ಇರೋ ಹ್ಯಾಂಡ್‌ಗಾರ್ಡು, ಎಂಜಿನ್ ತಳ ಕಾಯೋ ದಪ್ಪ ಸಂಪ್ ಗಾರ್ಡು. ನಿಂತಲ್ಲೇ ಬಿದ್ದಾಗ ಮೊದಲು ಹೋಗೋದು ಕ್ಲಚ್ ಲಿವರ್ರು. ಲಿವರಿನ ಕ್ಲ್ಯಾಂಪ್ ಬೋಲ್ಟನ್ನ, ಬಲವಾಗಿ ತಳ್ಳಿದರೆ ಹ್ಯಾಂಡಲ್ ಮೇಲೆ ತಿರುಗೋ ಅಷ್ಟು ಮಾತ್ರ ಬಿಗಿ ಮಾಡಿ, ಬಿದ್ದಾಗ ಮುರಿಯದೆ ತಿರುಗಿಕೊಳ್ಳುತ್ತೆ. ಬ್ಯಾಗಿಗೆ ಬಟ್ಟೆಯದೇ ಒಳ್ಳೇದು. ಅಲ್ಯೂಮಿನಿಯಂ ಪೆಟ್ಟಿಗೆ, ಅದರ ಸ್ಟ್ಯಾಂಡು ಸೇರಿ ಖಾಲಿ ಇದ್ದಾಗಲೇ ಹತ್ತು ಕೆಜಿ ದಾಟುತ್ತೆ, ಬಿದ್ದಾಗ ಕಾಲು ಅದರ ಕೆಳಗೆ ಸಿಕ್ಕಿಕೊಳ್ಳುತ್ತೆ. ಬ್ಯಾಗು ಕಟ್ಟುವಾಗ ಭಾರದ್ದು ಕೆಳಗೆ, ಮುಂದಕ್ಕೆ, ಅಂದರೆ ಹಿಂದೆ ಕೂರೋರ ಕಾಲಿನ ಹತ್ತಿರ. ಬಾಲದ ತುದಿಯ ರ‍್ಯಾಕ್ ಮೇಲೆ ಮಳೆಕೋಟಿನಂಥ ಹಗುರದ್ದು ಮಾತ್ರ, ಅಲ್ಲಿ ಭಾರ ಹಾಕಿದರೆ ಮುಂದಿನ ಚಕ್ರ ಹಗುರಾಗಿ ಹೆದ್ದಾರಿ ವೇಗದಲ್ಲಿ ಹ್ಯಾಂಡಲ್ ತೂಗಾಡೋಕೆ ಶುರು ಮಾಡುತ್ತೆ.